ಜಗನ್ಮೋಹನದ ಚಿತ್ರಶಾಲೆಯೂ ನಮ್ಮ ತಪ್ಪೊಪ್ಪಿಗೆಯೂ

ಮೈಸೂರನ್ನು ನೋಡಿ ಬಂದವರನ್ನು ಅಲ್ಲಿ ಏನೇನು ಕಂಡಿರೆಂದು ವಿಚಾರಿಸಿದರೆ, ದೊಡ್ಡ ಅರಮನೆ, ಚಾಮುಂಡಿಯ ಬೆಟ್ಟ, ಮೃಗಾಲಯ, ಕನ್ನಂಬಾಡಿಯ ಕಟ್ಟೆ ಎಂಬ ನಾಲ್ಕು ಹೆಸರುಗಳು ಒಂದೇ ಉಸಿರಿನಲ್ಲಿ ಹೊರಡುವುವು. ದೊಡ್ಡ ಅರಮನೆಯ ಪಶ್ಚಿಮಕ್ಕೆ ಕೂಗಳತೆಯ ದೂರದಲ್ಲಿಯೇ ನಿಂತಿರುವ ಜಗನ್ಮೋಹನ ಅರಮನೆಯ ಹೆಸರು ಅವರ ಬಾಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಕಾಲಕ್ಕೆ ಅರಸರ ವಾಸಗೃಹವಾಗಿದ್ದು ಈಗ ಸರ್ವರಿಗೂ ಬಾಗಿಲು ತೆರೆದ ಚಿತ್ರಶಾಲೆಯಾಗಿರುವ ಆ ಮಂದಿರವನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಒಂದು ಉದ್ದೇಶ. ಮತ್ತೊಂದು ಉದ್ದೇಶವೂ ಉಂಟು. ಅಧ್ಯಾಪಕ ವೃತ್ತಿಯಲ್ಲಿದ್ದ ಮೂವತ್ತು ವರುಷಗಳ ಕಾಲ ಆ ಮನೆಯೊಳಗೆ ನಿಂತು ನಾವು ಮಕ್ಕಳಿಗೆ ಹೇಳುತ್ತ ಬಂದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಅದನ್ನು ಸ್ಥಳ ಬಂದಾಗ ಹೇಳುವೆವು.

ನಾವಿದ್ದುದು ಹಾಸನದ ಸೀಮೆಯ ಒಂದು ಸಣ್ಣ ಊರಿನ ಪಾಠಶಾಲೆಯಲ್ಲಿ. ಚಳಿಗಾಲ ಬಂತೆಂದರೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಭಾರವು ಪ್ರತಿವರ್ಷವೂ ನಮ್ಮ ತಲೆಗೇ ಬೀಳುತ್ತಿದ್ದಿತು. ಬುತ್ತಿಯ ಗಂಟು, ಹಾಜರಿಯ ಪುಸ್ತಕ, ಔಷಧದ ಡಬ್ಬಿ, ನಲವತ್ತು ತಲೆಗಳು. ಅವುಗಳನ್ನು ಎಣಿಸಿ ಎಣಿಸಿ ಬಸ್ಸಿಗೆ ಹತ್ತಿಸಿ ಇಳಿಸುವುದರಲ್ಲಿಯೇ ದಿನವು ಕಳೆಯುತ್ತಿದ್ದಿತು. ಅಂತಹ ಅವಸರದಲ್ಲಿ ಚಿತ್ರಗಳನ್ನು ನೋಡುವುದೆಲ್ಲಿ ಬಂತು? ನೋಡಿಸುವುದಷ್ಟೇ ನಮ್ಮ ಕೆಲಸವಾಗಿದ್ದಿತು. ಹೋದ ಮಾರ್ಗಶಿರ ಮಾಸದಲ್ಲಿ, ನಿವೃತ್ತರಾದ ಮೇಲೆ ಮೊದಲ ಸಲ, ಗೃಹಿಣಿಯನ್ನೂ ಒಂಬತ್ತು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು, ಯಾರ ತಲೆಯನ್ನೂ ಎಣಿಸುವ ಹೊಣೆಯಿಲ್ಲದೆ ನಾವು ಜಗನ್ಮೋಹನದ ಬಾಗಿಲನ್ನು ಹೊಕ್ಕೆವು.

ಈ ಅರಮನೆಯನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1861ನೆಯ ಇಸವಿಯಲ್ಲಿ ಇದರ ಕೆಲಸವು ಪೂರ್ಣವಾಯಿತು. ಆ ಪ್ರಭುಗಳ ಬಾಳೇ ಒಂದು ವಿಚಿತ್ರ ಕಥೆ. 1799ರಲ್ಲಿ ಐದು ವರ್ಷದ ಬಾಲಕರಾಗಿದ್ದಾಗ ಪಟ್ಟವೇರಿದರು. 1831ರಲ್ಲಿ ರಾಜ್ಯದ ಆಡಳಿತವನ್ನು ಇಂಗ್ಲಿಷರು ಕಿತ್ತುಕೊಂಡರು. ಸಿಂಹಾಸನವುಂಟು, ಅಧಿಕಾರವಿಲ್ಲ, ಹೀಗೆ ಮುವ್ವತ್ತೇಳು ವರ್ಷ ಬದುಕಿ 1868ರಲ್ಲಿ ಕಾಲವಾದರು. ಬೇರೊಬ್ಬರಾಗಿದ್ದರೆ ದುಃಖದಲ್ಲಿಯೋ ವಿಲಾಸದಲ್ಲಿಯೋ ಕರಗಿಹೋಗುತ್ತಿದ್ದರು. ಅವರಾದರೋ ರಾಜ್ಯವು ಹೋದರೂ ವಿದ್ಯೆಯು ಹೋಗಲಿಲ್ಲವೆಂದು ತಿಳಿದು, ಪಂಡಿತರನ್ನೂ ಚಿತ್ರಗಾರರನ್ನೂ ಸಂಗೀತಗಾರರನ್ನೂ ಪೋಷಿಸಿದರು. ದೇವತೆಗಳ ಧ್ಯಾನಶ್ಲೋಕಗಳಿಗೆ ಬಣ್ಣದ ಚಿತ್ರಗಳನ್ನು ಜೊತೆಗೂಡಿಸಿದ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥವು ಸಿದ್ಧವಾದುದು ಅವರ ಆಶ್ರಯದಲ್ಲಿಯೇ. ಚದುರಂಗದಲ್ಲಿಯೂ ಗಂಜೀಫಾ ಎಲೆಗಳಲ್ಲಿಯೂ ಅವರು ಕಲ್ಪಿಸಿದ ಹೊಸ ಹೊಸ ಆಟಗಳು ಇಂದಿಗೂ ಬಲ್ಲವರನ್ನು ಬೆರಗುಗೊಳಿಸುತ್ತವೆ. ಅಂಥವರು ಕಟ್ಟಿಸಿದ ಮನೆಯು ಕಡೆಗೆ ಚಿತ್ರಶಾಲೆಯಾದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಬೀಜದಲ್ಲಿದ್ದುದೇ ಫಲದಲ್ಲಿ ಕಾಣಿಸಿಕೊಂಡಿತು.

ಆದರೆ ನಡುವೆ ಈ ಮನೆಯು ಬೇರೊಂದು ಕರ್ತವ್ಯವನ್ನು ನಿರ್ವಹಿಸಬೇಕಾಯಿತು. 1897ರ ಆದಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂಭ್ರಮವು ನಡೆಯುತ್ತಿದ್ದಾಗ, ಕೋಟೆಯೊಳಗಿನ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ಮದುವೆಯ ಮನೆಯು ನೋಡನೋಡುತ್ತಿದ್ದಂತೆ ಬೂದಿಯಾಯಿತು. ಮಹಾರಾಜ ಚಾಮರಾಜ ಒಡೆಯರು 1894ರಲ್ಲಿಯೇ ತೀರಿಕೊಂಡಿದ್ದರು. ಪಟ್ಟದ ಕುಮಾರರಿನ್ನೂ ಬಾಲಕರು. ರಾಜ್ಯಭಾರವು ವಾಣೀವಿಲಾಸ ಸನ್ನಿಧಾನದವರ ಕೈಯಲ್ಲಿದ್ದಿತು. ಮನೆಯನ್ನು ಕಳೆದುಕೊಂಡ ರಾಜಪರಿವಾರವು ಆಗ ಬಂದು ಸೇರಿದುದು ಈ ಜಗನ್ಮೋಹನಕ್ಕೆ. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ನನ ಯೋಜನೆಯಂತೆ ಈಗಿನ ದೊಡ್ಡ ಅರಮನೆಯು ಎದ್ದುನಿಂತು 1912ರಲ್ಲಿ ಪೂರ್ಣವಾಗುವವರೆಗೂ ಅರಸರ ಸುಖದುಃಖಗಳೆಲ್ಲಕ್ಕೂ ಇದೇ ಸಾಕ್ಷಿ. 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹವು ಇಲ್ಲಿ ನಡೆಯಿತು. 1902ರ ಆಗಸ್ಟ್ 8ರಂದು ವೈಸರಾಯ್ ಕರ್ಜನ್ ಪ್ರಭುವು ಅವರಿಗೆ ರಾಜ್ಯಾಧಿಕಾರವನ್ನು ಒಪ್ಪಿಸಿದುದೂ ಇಲ್ಲಿಯೇ. ಹೆಣ್ಣಿನ ಮದುವೆಯಲ್ಲಿ ಉರಿದುಹೋದ ಮನೆಗೆ ಬದಲಾಗಿ ನಿಂತು, ಗಂಡಿನ ಮದುವೆಗೆ ಚಪ್ಪರವಾದ ಈ ಮನೆಯನ್ನು ಆಪದ್ಬಂಧುವೆಂದರೆ ತಪ್ಪೇನು?

ಅರಸರದೇ ಆಗಿದ್ದ ಮನೆಯು ಪ್ರಜೆಗಳದೂ ಆದುದು ಒಂದೇ ದಿನದಲ್ಲಲ್ಲ. ಇಲ್ಲಿನ ವಿಶಾಲವಾದ ಸಭಾಮಂಟಪದಲ್ಲಿ ದಸರೆಯ ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆಯು ಸೇರುತ್ತಿದ್ದಿತು. ಹಳ್ಳಿಗಾಡಿನಿಂದ ಬಂದ ರುಮಾಲಿನ ಗೌಡರು ಎದ್ದುನಿಂತು ಕೆರೆಯ ವಿಚಾರ, ಕಂದಾಯದ ವಿಚಾರಗಳನ್ನು ದಿವಾನರ ಮುಂದೆ ಅರಿಕೆ ಮಾಡುತ್ತಿದ್ದರು. 1907ರಲ್ಲಿ ನ್ಯಾಯವಿಧಾಯಕ ಸಭೆಯು ಮೊದಲು ಸೇರಿದುದು ಇಲ್ಲಿ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಮೊದಲಿನ ಘಟಿಕೋತ್ಸವಗಳು ನಡೆದುದೂ ಇಲ್ಲಿ. 1915ರಲ್ಲಿ ಚಿತ್ರಶಾಲೆಯು ಪ್ರಾರಂಭವಾಯಿತು. 1955ರಲ್ಲಿ ಇದಕ್ಕೆ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯೆಂಬ ಹೆಸರಾಯಿತು. ಹೀಗೆ ಮೊದಲು ಅಹವಾಲು ಹೇಳಿಕೊಳ್ಳುವವರಿಗೆ, ಆಮೇಲೆ ಪದವಿ ಪಡೆಯುವವರಿಗೆ, ಕಡೆಗೆ ಕಣ್ಣುಳ್ಳವರೆಲ್ಲರಿಗೂ ಬಾಗಿಲು ತೆರೆಯಿತು. ಅರಮನೆಗೆ ಇದಕ್ಕಿಂತ ಉತ್ತಮವಾದ ವಾನಪ್ರಸ್ಥವು ಯಾವುದಿದ್ದೀತು?

ಒಳಗೆ ಕಾಲಿಟ್ಟ ಮೊಮ್ಮಗಳನ್ನು ಮೊದಲು ಸೆರೆಹಿಡಿದುದು ಯಾವ ಚಿತ್ರವೂ ಅಲ್ಲ, ಫ್ರಾನ್ಸ್ ದೇಶದಿಂದ ಬಂದ ಒಂದು ಗಡಿಯಾರ. ಅದರಲ್ಲಿ ಅಂಗುಷ್ಠಪ್ರಮಾಣದ ತಮಟೆಯವನೊಬ್ಬನು ಸೆಕೆಂಡಿಗೊಮ್ಮೆ ಪೆಟ್ಟು ಹಾಕುತ್ತಾನೆ; ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳು ಸಾಲಾಗಿ ಕವಾಯತು ಮಾಡುತ್ತ ಸಾಗುತ್ತಾರೆ. ಯಂತ್ರವು ಹಳೆಯದಾದರೂ ಅದನ್ನು ಕಾಣುವ ಮಗುವಿನ ಕುತೂಹಲಕ್ಕೆ ಮುಪ್ಪಿಲ್ಲ. ಗೃಹಿಣಿಯ ಮನಸ್ಸು ನೆಟ್ಟುದು ಅಕ್ಕಿಯ ಕಾಳಿನ ಮೇಲೆ ಬರೆದ ಚಿತ್ರಗಳಲ್ಲಿ. ಭೂತಗನ್ನಡಿಯಿಲ್ಲದೆ ಅವು ಕಾಣುವುದಿಲ್ಲ. “ಅಕ್ಕಿಯಲ್ಲಿ ಕಲ್ಲು ಆರಿಸುವುದೇ ಕಷ್ಟವಾಗಿರುವಾಗ, ಇದರ ಮೇಲೆ ಕುಂಚ ಆಡಿಸಿದ ಮಹಾರಾಯ ಯಾರೋ!” ಎಂದು ಆಕೆ ನಿಟ್ಟುಸಿರುಬಿಟ್ಟಳು.

ಗೋಡೆಗಳ ಮೇಲೆ ಮೈಸೂರಿನ ಸಾಂಪ್ರದಾಯಿಕ ಶೈಲಿಯ ಚಿತ್ರಗಳುಂಟು, ದಸರೆಯ ಮೆರವಣಿಗೆಯುಂಟು, ಒಡೆಯರ ವಂಶವನ್ನು ಕಮಲದ ದಳಗಳಂತೆ ಬಿಡಿಸಿ ತೋರಿಸುವ ಸಂತಾನಾಂಬುಜವುಂಟು. ಈ ಶೈಲಿಯಲ್ಲಿ ಆಭರಣಗಳನ್ನು ಬರೆಯುವ ಕ್ರಮವನ್ನು ಹೇಳಬೇಕು. ಅಂಟನ್ನೂ ಬಿಳಿಯ ಪುಡಿಯನ್ನೂ ಅರೆದು ಮಾಡಿದ ಲೇಪದಿಂದ ಒಡವೆ ವಸ್ತ್ರಗಳ ಅಂಚನ್ನು ತೆಳುವಾಗಿ ಉಬ್ಬಿಸಿ, ಅದರ ಮೇಲೆ ಅಪ್ಪಟ ಚಿನ್ನದ ರೇಕನ್ನು ಹೊದಿಸುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಆ ಉಬ್ಬು ದಪ್ಪ, ಕಲ್ಲುಗಳೂ ಉಂಟು. ಮೈಸೂರಿನದು ತೆಳುವು, ನಾಜೂಕು. ಬೆಳಕು ಎದುರಿಗಿದ್ದರೆ ಚಿನ್ನವು ಕಾಣುವುದು. ಪಕ್ಕಕ್ಕೆ ಸರಿದು ನೋಡಿದರೆ ಕೆಲಸವು ಕಾಣುವುದು. ಮಕ್ಕಳೊಡನೆ ಹೋಗುವವರು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕೆಂದು ಸೂಚಿಸುವೆವು.

ಮುಂದಿನದು ರಾಜಾ ರವಿವರ್ಮನ ಸನ್ನಿಧಿ. 1848ರಲ್ಲಿ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಆ ಮಹನೀಯನು ತನ್ನ ಕಡೆಯ ವರ್ಷಗಳಲ್ಲಿ ಮೈಸೂರಿನ ಅರಸರಿಗಾಗಿ ಪೌರಾಣಿಕ ಚಿತ್ರಗಳನ್ನು ಬರೆದುಕೊಟ್ಟನು. ಸಮುದ್ರರಾಜನ ಮೇಲೆ ಶ್ರೀರಾಮನು ಬಿಲ್ಲೆತ್ತಿದ ಚಿತ್ರದ ಮುಂದೆ ನಾವು ಬಹಳ ಹೊತ್ತು ನಿಂತೆವು. ಯುದ್ಧಕಾಂಡದಲ್ಲಿ ರಾಮನು ಮೂರು ರಾತ್ರಿ ದರ್ಭೆಯ ಮೇಲೆ ಮಲಗಿ ಸಾಗರನನ್ನು ಪ್ರಾರ್ಥಿಸುತ್ತಾನೆ, ಸಾಗರನು ಬರುವುದಿಲ್ಲ, ಆಗ ಕೋಪಗೊಳ್ಳುತ್ತಾನೆ. ಪಾಠ ಹೇಳುವಾಗ ನಾವು ಕೋಪವನ್ನೇ ವರ್ಣಿಸುತ್ತಿದ್ದೆವು. ಚಿತ್ರಗಾರನು ಬಂಡೆಯ ಮೇಲೆ ನಿಂತ ಆ ಮೂರ್ತಿಯಲ್ಲಿ ಕೋಪವನ್ನು ಕಾಣಿಸಿರುವನಾದರೂ, ಅದು ತಾಳ್ಮೆಯುಳ್ಳವನ ಕೋಪವೆಂಬುದು ನಿಲುವಿನಲ್ಲಿಯೇ ತೋರುವುದು. ಅಲೆಗಳು ಎದ್ದಿವೆ, ರಾಮನ ಕಾಲು ಮಾತ್ರ ಕದಲಿಲ್ಲ. ಒಂದು ಸರ್ಗದ ವ್ಯಾಖ್ಯಾನವು ಒಂದು ನಿಲುವಿನಲ್ಲಿ ಮುಗಿದಿದೆ.

ಇನ್ನು ನಮ್ಮ ಅಪರಾಧದ ಸ್ಥಳಕ್ಕೆ ಬಂದೆವು. ಚಿತ್ರಶಾಲೆಗೆ ಹೋದವರೆಲ್ಲರೂ ಕೇಳಿ ಹುಡುಕಿಕೊಂಡು ಹೋಗಿ ನೋಡುವುದು ಕತ್ತಲೆಯ ಕೋಣೆಯಲ್ಲಿಟ್ಟಿರುವ ‘ದೀಪ ಹಿಡಿದ ಮಹಿಳೆ’ಯನ್ನು. ಸೀರೆಯುಟ್ಟ ತರುಣಿಯೊಬ್ಬಳು ಒಂದು ಕೈಯಲ್ಲಿ ದೀಪವನ್ನು ಹಿಡಿದು, ಗಾಳಿಗೆ ಆರೀತೆಂದು ಮತ್ತೊಂದು ಕೈಯನ್ನು ಮರೆಮಾಡಿಕೊಂಡು ನಿಂತಿದ್ದಾಳೆ. ಬೆರಳ ಸಂದುಗಳು ಕೆಂಪಗೆ ಬೆಳಗುತ್ತಿವೆ, ಮುಖದ ಮೇಲೆ ಹೊಂಬೆಳಕು ಬಿದ್ದಿದೆ, ಉಳಿದುದೆಲ್ಲ ಮಬ್ಬು. ದೀಪವು ಚಿತ್ರದಲ್ಲಿಲ್ಲ, ಕೋಣೆಯಲ್ಲಿಯೇ ಉರಿಯುತ್ತಿದೆ ಎಂಬ ಭ್ರಮೆ ಯಾರಿಗಾದರೂ ಹುಟ್ಟುವುದು. ಪ್ರತಿವರ್ಷವೂ ಇದರ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದನಿಯನ್ನು ತಗ್ಗಿಸಿ, “ನೋಡಿರಪ್ಪಾ, ಹಿಂದೆ ಯಾವ ದೀಪವನ್ನೂ ಅಡಗಿಸಿಲ್ಲ. ಇದು ರವಿವರ್ಮನು ಎಣ್ಣೆಯ ಬಣ್ಣದಲ್ಲಿ ಮಾಡಿರುವ ಚಮತ್ಕಾರ” ಎಂದು ನಾವು ಹೇಳುತ್ತಿದ್ದೆವು. ಮಕ್ಕಳು “ಆಹಾ!” ಎನ್ನುತ್ತಿದ್ದರು. ಆ ಉದ್ಗಾರದಲ್ಲಿ ನಮಗೂ ಸ್ವಲ್ಪ ಪಾಲಿರುವಂತೆ ತೋರುತ್ತಿದ್ದಿತು.

ಈ ಸಲ ನಾವು ಒಳಹೊಕ್ಕಾಗ, ಯಾವುದೋ ಪಾಠಶಾಲೆಯ ಮಕ್ಕಳು ಆಗಲೇ ಅಲ್ಲಿ ಸಾಲುಗಟ್ಟಿ ನಿಂತಿದ್ದರು. ಕತ್ತಲೆಯಲ್ಲಿ ಅವರ ಅಧ್ಯಾಪಕನ ಮುಖವು ಕಾಣಲಿಲ್ಲ. ಮಾತು ಮಾತ್ರ ಕೇಳಿಸಿತು. ತಗ್ಗಿಸಿದ ದನಿ. “ನೋಡಿರಪ್ಪಾ, ಹಿಂದೆ ಯಾವ ದೀಪವನ್ನೂ ಅಡಗಿಸಿಲ್ಲ...” ನಮ್ಮ ಮಾತೇ! ಎಲ್ಲಿ ನಿಲ್ಲಿಸಬೇಕೋ ಅಲ್ಲಿಯೇ ನಿಲ್ಲಿಸಿ, ಎಲ್ಲಿ ಒತ್ತಬೇಕೋ ಅಲ್ಲಿಯೇ ಒತ್ತಿ, ಒಂದಕ್ಷರವೂ ವ್ಯತ್ಯಾಸವಿಲ್ಲದೆ ಬರುತ್ತಿದ್ದಿತು. ನಾವು ಬೆರಗಾಗಿ ನಿಂತಿರುವಾಗಲೇ ಮೊಮ್ಮಗಳು ನಮ್ಮ ಪಂಚೆಯ ಅಂಚನ್ನು ಜಗ್ಗಿ, “ತಾತ, ಇಲ್ಲಿ ಬೇರೆ ಹೆಸರು ಬರೆದಿದೆಯಲ್ಲಾ?” ಎಂದು ಚಿತ್ರದ ಬಳಿಯಿದ್ದ ಫಲಕವನ್ನು ತೋರಿಸಿದಳು. ಕನ್ನಡಕವನ್ನು ಸರಿಮಾಡಿಕೊಂಡು ಬಾಗಿ ನೋಡಿದೆವು. ಎಸ್. ಎಲ್. ಹಲ್ದಂಕರ್ ಎಂದಿದ್ದಿತು. ಮೂವತ್ತು ವರ್ಷ ಆ ಫಲಕದ ಪಕ್ಕದಲ್ಲಿ ನಿಂತು ಪಾಠ ಹೇಳಿದವರು ಒಮ್ಮೆಯೂ ಅದನ್ನು ಓದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಗೆ ಬೇರೆ ಉದಾಹರಣೆಯು ಬೇಕೆ?

ಹೊರಗೆ ಬಂದಾಗ ಆ ಅಧ್ಯಾಪಕನು ನಮ್ಮನ್ನು ಗುರುತಿಸಿ, ಕಾಲು ಮುಟ್ಟಿ ನಮಸ್ಕರಿಸಿದನು. ನಮ್ಮಲ್ಲಿಯೇ ಓದಿದ ಹುಡುಗ. ಈಗ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ನರೆ. “ಗುರುಗಳೇ, ತಾವು ಹೇಳಿಕೊಟ್ಟುದನ್ನೇ ಪ್ರತಿವರ್ಷವೂ ಹೇಳುತ್ತಿದ್ದೇನೆ, ಒಂದು ಮಾತನ್ನೂ ಬಿಟ್ಟಿಲ್ಲ” ಎಂದು ಹೆಮ್ಮೆಯಿಂದ ನುಡಿದನು. ಶಿಷ್ಯನ ಬಾಯಿಂದ ಇಂತಹ ಮಾತನ್ನು ಕೇಳುವುದು ಗುರುವಿಗೆ ಸ್ವರ್ಗಸುಖವೆನ್ನುವರು. ನಮಗಾದರೋ ಭೂಮಿಯು ಬಾಯಿ ಬಿಡಬಾರದೇ ಎನ್ನಿಸಿತು. ವರ್ಷಕ್ಕೆ ನಲವತ್ತರಂತೆ ಲೆಕ್ಕ ಹಾಕಿದರೂ ನಾವೇ ತಪ್ಪು ಹೇಳಿದುದು 1200 ಮಕ್ಕಳಿಗೆ. ಅವರಲ್ಲಿ ಎಷ್ಟು ಮಂದಿ ಅಧ್ಯಾಪಕರಾದರೋ, ಎಷ್ಟು ಮಂದಿ ತಮ್ಮ ಮಕ್ಕಳಿಗೆ ಹೇಳಿದರೋ! ಸಾಲವು ಬಡ್ಡಿಯಿಂದ ಬೆಳೆಯುವಂತೆ ತಪ್ಪು ಶ್ರದ್ಧೆಯಿಂದ ಬೆಳೆಯುವುದು. ಹುಡುಗನು ಸೋಮಾರಿಯಾಗಿದ್ದಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿದ್ದಿತು.

ಸಾವಳಾರಾಮ ಲಕ್ಷ್ಮಣ ಹಲ್ದಂಕರರು 1882ರಲ್ಲಿ ಕೊಂಕಣದ ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಆ ನಗರದಲ್ಲಿಯೇ 1908ರಲ್ಲಿ ತಮ್ಮದೊಂದು ಕಲಾಶಾಲೆಯನ್ನು ತೆರೆದು ಬಹುಕಾಲ ನಡೆಯಿಸಿದವರು. ಅಂದರೆ ಅವರೂ ಮೇಷ್ಟ್ರೇ. 1968ರಲ್ಲಿ ಕಾಲವಾದರು. ಈ ಚಿತ್ರವನ್ನು ಅವರು ಬರೆದುದು 1945-46ರ ಸುಮಾರಿನಲ್ಲಿ. ರವಿವರ್ಮನು ತೀರಿಕೊಂಡು ಆಗ ನಲವತ್ತು ವರ್ಷಗಳಾಗಿದ್ದುವು. ದೀಪಾವಳಿಯ ಕಾಲದಲ್ಲಿ ತಮ್ಮ ಮಗಳು ಗೀತಾ ದೀಪವನ್ನು ಹಿಡಿದು ನಿಂತುದನ್ನು ಕಂಡು ಅವರಿಗೆ ಈ ಕಲ್ಪನೆಯು ಹೊಳೆಯಿತೆನ್ನುವರು. ಆ ಮಗಳನ್ನೇ ನಿಲ್ಲಿಸಿಕೊಂಡು ಬರೆದರು. ಆಕೆ ನೂರು ವರ್ಷಗಳನ್ನು ದಾಟಿ ಬಾಳಿ 2018ರಲ್ಲಿ ಕೊಲ್ಹಾಪುರದಲ್ಲಿ ಕಣ್ಮುಚ್ಚಿದರು. ನಾವು ಆ ಕೋಣೆಯಲ್ಲಿ ಮಕ್ಕಳಿಗೆ ತಪ್ಪು ಹೇಳುತ್ತಿದ್ದ ದಿನಗಳಲ್ಲೆಲ್ಲ, ಚಿತ್ರದೊಳಗಿನ ಆ ತಾಯಿ ಬದುಕಿದ್ದರು. ತಮ್ಮ ತಂದೆಯ ಕೃತಿಯನ್ನು ಲೋಕವು ಬೇರೊಬ್ಬರದೆಂದು ಹೊಗಳುವುದು ಅವರ ಕಿವಿಗೆ ಬಿದ್ದಿರಲಾರದೆ? ಈ ಯೋಚನೆಯೇ ನಮ್ಮನ್ನು ಹೆಚ್ಚಾಗಿ ನೋಯಿಸಿತು.

ಎರಡನೆಯ ತಪ್ಪು ಬಣ್ಣದ್ದು. ಅದು ಎಣ್ಣೆಯ ಬಣ್ಣವಲ್ಲ, ಕಾಗದದ ಮೇಲಿನ ಜಲವರ್ಣ. ಇದು ಸಣ್ಣ ಭೇದವಲ್ಲ. ತೈಲವರ್ಣದಲ್ಲಿ ಬರೆಯುವವನು ತಪ್ಪಿದರೆ, ಒಣಗಿದ ಬಳಿಕ ಮೇಲೊಂದು ಪದರವನ್ನು ಬಳಿದು ತಿದ್ದಿಕೊಳ್ಳಬಹುದು. ಕತ್ತಲೆಯ ಮೇಲೆ ಬೆಳಕನ್ನು ಇಡಬಹುದು. ಜಲವರ್ಣದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಬೆಳಕೆಂಬುದು ಬಳಿಯುವ ಬಣ್ಣವಲ್ಲ; ಕಾಗದದ ಬಿಳುಪೇ ಬೆಳಕು. ಎಲ್ಲಿ ಬೆಳಗಬೇಕೋ ಆ ಸ್ಥಳವನ್ನು ಮೊದಲೇ ನಿಶ್ಚಯಿಸಿ, ಅದನ್ನು ಮುಟ್ಟದೆ ಕಾದುಕೊಂಡು, ಸುತ್ತಲೂ ತೆಳುನೀರಿನ ಬಣ್ಣದಿಂದ ನೆರಳನ್ನು ಪದರ ಪದರವಾಗಿ ಕೂಡಿಸುತ್ತ ಬರಬೇಕು. ಕೈ ಒಮ್ಮೆ ತಪ್ಪಿದರೆ ತಪ್ಪಿದಂತೆಯೇ. ಹೀಗಾಗಿ ಆ ಹುಡುಗಿಯು ದೀಪವನ್ನು ಗಾಳಿಯಿಂದ ಕಾದಂತೆ, ತಂದೆಯು ಬೆಳಕನ್ನು ತನ್ನ ಕುಂಚದಿಂದಲೇ ಕಾದುಕೊಂಡನು. ನಿಜವಾದ ಚಮತ್ಕಾರವು ಇಲ್ಲಿತ್ತು. ಅದನ್ನು ಹೇಳದೆ, ಇಲ್ಲದ ಚಮತ್ಕಾರವನ್ನು ಹೇಳಿ ನಾವು ಮಕ್ಕಳನ್ನು ಬೆರಗುಪಡಿಸಿದ್ದೆವು.

ಈ ತಪ್ಪು ನಮ್ಮೊಬ್ಬರದೇ ಅಲ್ಲವೆಂಬುದೇನೋ ನಿಜ. ದೇಶದಲ್ಲಿ ಅನೇಕರು ಇದನ್ನು ರವಿವರ್ಮನದೆಂದೇ ನಂಬಿದ್ದಾರೆ. ಕಾರಣವೂ ಸ್ಪಷ್ಟ. 1894ರಲ್ಲಿ ರವಿವರ್ಮನು ಮುಂಬಯಿಯಲ್ಲಿ ಮುದ್ರಣಶಾಲೆಯನ್ನು ಸ್ಥಾಪಿಸಿದ ಮೇಲೆ ಅವನ ಲಕ್ಷ್ಮೀ ಸರಸ್ವತಿಯರು ಮನೆಮನೆಯ ದೇವರಗೂಡನ್ನು ಹೊಕ್ಕರು. ಸೀರೆಯುಟ್ಟ ಚೆಲುವೆಯ ಚಿತ್ರವೆಂದರೆ ರವಿವರ್ಮನದೇ ಎಂಬ ಭಾವನೆಯು ಬೇರೂರಿತು. ಸಂಸ್ಕೃತದಲ್ಲಿಯೂ ಇದೇ ಕಥೆ: ಕರ್ತೃವಿನ ಹೆಸರು ತಿಳಿಯದ ಚಾಟುಶ್ಲೋಕವೆಲ್ಲವೂ ಕಾಳಿದಾಸನದು. ಬಲ್ಲಾಳನ ಭೋಜಪ್ರಬಂಧವನ್ನು ಪಾಠ ಹೇಳುವಾಗ, ಕಾಳಿದಾಸ, ಬಾಣ, ಭವಭೂತಿ, ಮಾಘರನ್ನು ಒಂದೇ ಸಭೆಯಲ್ಲಿ, ಅದೂ ಹನ್ನೊಂದನೆಯ ಶತಮಾನದ ಭೋಜನ ಮುಂದೆ, ಕುಳ್ಳಿರಿಸಿದನಲ್ಲಾ ಎಂದು ನಾವು ತರಗತಿಯಲ್ಲಿ ನಕ್ಕುದುಂಟು. ತೀರಿಕೊಂಡು ನಲವತ್ತು ವರ್ಷವಾದವನ ಕೈಗೆ ಕುಂಚವನ್ನು ಕೊಟ್ಟ ನಾವು ಬಲ್ಲಾಳನನ್ನು ನಗುವುದಕ್ಕೆ ಅರ್ಹರೇ? ದೊಡ್ಡವರ ಹೆಸರು ಆಲದ ಮರದಂತೆ. ನೆರಳೇನೋ ತಂಪು, ಆದರೆ ಅದರಡಿಯಲ್ಲಿ ಬೇರೆ ಗಿಡಗಳು ಕಾಣುವುದಿಲ್ಲ. ಇದರಲ್ಲಿ ಆ ದೊಡ್ಡವರ ದೋಷವಿಲ್ಲ. ಬಾಗಿ ನೋಡದ ನಮ್ಮದು.

ಶಿಷ್ಯನಿಗೆ ಏನು ಹೇಳುವುದು? ಮಕ್ಕಳ ಮುಂದೆ ಅವನ ಮಾನ ಕಳೆಯಬಾರದು. ತಪ್ಪನ್ನು ಹಾಗೆಯೇ ಬಿಡಲೂಬಾರದು. ಅವನನ್ನು ಪಕ್ಕಕ್ಕೆ ಕರೆದು ವಿಷಯವನ್ನು ಹೇಳಿದೆವು. ಅವನು ಕ್ಷಣಕಾಲ ಸುಮ್ಮನಿದ್ದು, “ಹಾಗಾದರೆ ಗುರುಗಳೇ, ತಾವೇ ಹೇಳಬೇಕು, ತಾವು ಹೇಳಿದರೆ ಮಕ್ಕಳು ಮರೆಯುವುದಿಲ್ಲ” ಎಂದನು. ಅಂಗಳದಲ್ಲಿ ಮಕ್ಕಳೆಲ್ಲರನ್ನೂ ಕುಳ್ಳಿರಿಸಿದನು. ನಿವೃತ್ತರಾದ ಮೇಲೆ ಮತ್ತೊಮ್ಮೆ ತರಗತಿಯ ಮುಂದೆ ನಿಂತಂತಾಯಿತು. ಹಲ್ದಂಕರರ ಹೆಸರನ್ನು ಹೇಳಿ, ಜಲವರ್ಣದ ಕ್ರಮವನ್ನು ವಿವರಿಸಿದೆವು. ಮುಂದಿನ ಸಾಲಿನ ಚಿಕ್ಕವನೊಬ್ಬನು ಎದ್ದು, “ಹಾಗಾದರೆ ನಮ್ಮ ಮೇಷ್ಟ್ರು ಹೇಳಿದ್ದು ತಪ್ಪೇ?” ಎಂದು ಕೇಳಿದನು. “ಇಲ್ಲಪ್ಪಾ, ನಿಮ್ಮ ಮೇಷ್ಟ್ರ ಮೇಷ್ಟ್ರು ತಪ್ಪು ಹೇಳಿದರು. ಆ ಮೇಷ್ಟ್ರು ನಾವೇ” ಎಂದೆವು. ಮಕ್ಕಳು ಗೊಳ್ಳೆಂದು ನಕ್ಕರು. ಶಿಷ್ಯನು ನಗಲಿಲ್ಲ, ಮಕ್ಕಳನ್ನು ಸಾಲುಮಾಡಿ ಮತ್ತೊಮ್ಮೆ ಒಳಗೆ ಕರೆದೊಯ್ದನು. ಈ ಬಾರಿ ಅವರು ಮೊದಲು ಓದಿದುದು ಫಲಕವನ್ನು.

ವಾಚಕ ಮಹಾಶಯರೇ, ಮೈಸೂರಿಗೆ ಹೋದಾಗ ಜಗನ್ಮೋಹನಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಿರಿ. ಎಲ್ಲವನ್ನೂ ನೋಡುವ ಹಟ ಬೇಡ. ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳನ್ನು ಒಂದು ದಿನದಲ್ಲಿ ಯಾರೂ ನೋಡಲಾರರು. ಹತ್ತು ಚಿತ್ರಗಳ ಮುಂದೆ ನಿಲ್ಲಿರಿ. ಬರೆದವರ ಹೆಸರನ್ನು ಓದಿರಿ, ಮಕ್ಕಳಿಂದ ಓದಿಸಿರಿ. ಮಕ್ಕಳ ಕಣ್ಣು ನೆಲಕ್ಕೆ ಹತ್ತಿರ. ನಮಗೆ ಕಾಣದ್ದು ಅವರಿಗೆ ಕಾಣುವುದು. ಅವರು ಪಂಚೆಯ ಅಂಚನ್ನು ಜಗ್ಗಿದರೆ ಗದರಬೇಡಿರಿ.

ಕಡೆಯದಾಗಿ, ನಮ್ಮಲ್ಲಿ ಓದಿದವರು ಯಾರಾದರೂ ಈ ಪತ್ರಿಕೆಯನ್ನು ನೋಡಿದಲ್ಲಿ ಅವರಿಗೆ ನಮ್ಮದೊಂದು ಪ್ರಾರ್ಥನೆ. ಆ ಕತ್ತಲೆಯ ಕೋಣೆಯಲ್ಲಿ ನಾವು ನಿಮಗೆ ಹೇಳಿದುದು ತಪ್ಪು. ಚಿತ್ರವು ಹಲ್ದಂಕರರದು; ಬಣ್ಣವು ನೀರಿನದು. ನೀವು ಯಾರಿಗೆ ಹೇಳಿರುವಿರೋ ಅವರಿಗೂ ತಿಳಿಸಿ, ನಮ್ಮ ಋಣವನ್ನು ಹರಿಸಬೇಕು.